ಬಿಟ್ಟ ಮಾತ್ರೆಯನ್ನು ಮತ್ತೆ ಹಿಡಿಯುವಾಗ: 28 ದಿನಗಳ ಎಣಿಕೆಯ ಚರಿತ್ರೆ

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ಶಾಲೆಯ ತಾಯಂದಿರ ಸಭೆ ಮುಗಿದು ಎಲ್ಲರೂ ಹೊರಟಿದ್ದರು. ಒಬ್ಬ ತಾಯಿ ಮಾತ್ರ ಕೊಡೆ ಮಡಚುತ್ತಾ ಬಿಚ್ಚುತ್ತಾ ಜಗಲಿಯಲ್ಲೇ ನಿಂತಿದ್ದರು. ನಾನು ಹತ್ತಿರ ಹೋದಾಗ ಸೆರಗಿನೊಳಗಿಂದ ಒಂದು ಮಾತ್ರೆಯ ಸ್ಟ್ರಿಪ್ಪನ್ನೂ ಮಡಚಿದ ಒಂದು ಚೀಟಿಯನ್ನೂ ತೆಗೆದು, "ಟೀಚರೇ, ಇದರಲ್ಲಿ ಏನು ಬರೆದದ್ದು ಅಂತ ಒಮ್ಮೆ ಓದಿ ಹೇಳ್ತೀರಾ?" ಎಂದು ಕೇಳಿದರು. ಚೀಟಿಯಲ್ಲಿ ಕನ್ನಡ ಇರಲಿಲ್ಲ. ಆಕೆಗೆ ಓದಲು ಬರುತ್ತಿದ್ದದ್ದು ಕನ್ನಡ ಒಂದೇ.

ಗಂಡ ಕೊಲ್ಲಿಯಲ್ಲಿ ದುಡಿಯುವವರು. ಹಿಂದಿನ ಸಲ ರಜೆಯಲ್ಲಿ ಬಂದಾಗ ಆಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಗಂಡ ವಿಮಾನ ಹತ್ತಿದ ದಿನ ನಿಲ್ಲಿಸಿದರು. ಈಗ ಹತ್ತು ತಿಂಗಳ ಮೇಲಾಗಿತ್ತು. "ಅವರು ಮುಂದಿನ ವಾರ ಬರ್ಲಿಕ್ಕುಂಟು ಟೀಚರೇ. ಇದರಲ್ಲಿ ಅರ್ಧ ಉಳಿದಿದೆ. ಇದನ್ನೇ ಮುಗಿಸಿ ಹೊಸತು ಶುರು ಮಾಡಿದರೆ ಆಗ್ತದಾ?" ನಾನು ಚೀಟಿ ಓದಿದೆ. ಮೊದಲ ಸಲ ಹೇಗೆ ಶುರು ಮಾಡಬೇಕು, ಒಂದು ದಿನ ಮರೆತರೆ ಏನು ಮಾಡಬೇಕು ಎಂದೆಲ್ಲ ಇತ್ತು. ಹತ್ತು ತಿಂಗಳು ಬಿಟ್ಟು ಮತ್ತೆ ಹಿಡಿಯುವ ವಿಷಯ ಎಲ್ಲಿಯೂ ಕಾಣಲಿಲ್ಲ. ಗೊತ್ತಿಲ್ಲ ಎಂದು ಹೇಳುವುದು ಟೀಚರಾದವಳಿಗೆ ಅಷ್ಟು ಸುಲಭವಲ್ಲ. "ಬಿಟ್ಟಲ್ಲಿಂದ ಮುಂದುವರಿಸಿ, ಸಾಕು" ಎಂದುಬಿಟ್ಟೆ. ರಜೆ ಕಳೆದು ಬಂದ ಮಕ್ಕಳಿಗೆ ಪಾಠವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇವಲ್ಲ, ಹಾಗೆ.

ಆ ಸ್ಟ್ರಿಪ್ಪಿನಲ್ಲಿ ಉಳಿದಿದ್ದದ್ದು ಐದು ಬಿಳಿ ಮಾತ್ರೆ, ಏಳು ಕಂದು ಮಾತ್ರೆ. ಕಂದು ಮಾತ್ರೆಯಲ್ಲಿರುವುದು ಬರೇ ಕಬ್ಬಿಣ ಎಂಬುದು ನನಗೆ ಆಮೇಲೆ ತಿಳಿಯಿತು. ಆಕೆ ಐದು ದಿನ ಔಷಧ ತೆಗೆದುಕೊಂಡು ಏಳು ದಿನ ಕಬ್ಬಿಣ ತೆಗೆದುಕೊಂಡರು. ಮುಂದಿನ ವರ್ಷ ಆ ಮನೆಯಲ್ಲಿ ಒಂದು ಮಗು ಹುಟ್ಟಿತು. ಹೆಣ್ಣೋ ಗಂಡೋ, ಯಾವ ತರಗತಿಯೋ ನಾನು ಇಲ್ಲಿ ಹೇಳುವುದಿಲ್ಲ. ಮಗು ಮುದ್ದಾಗಿದೆ, ಎಲ್ಲರ ಪ್ರೀತಿಯಲ್ಲಿ ಬೆಳೆಯುತ್ತಿದೆ. ಆದರೆ ಆ ತಾಯಿ ಆ ವರ್ಷ ಸೇರಬೇಕೆಂದಿದ್ದ ಹೊಲಿಗೆ ತರಬೇತಿ ತಪ್ಪಿಹೋಯಿತು. ಮೊದಲೇ ರಕ್ತ ಕಡಿಮೆ ಇದ್ದ ಶರೀರ ಇನ್ನಷ್ಟು ಸೊರಗಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ಈ ವಿಷಯವನ್ನು ಬುಡದಿಂದ ಓದಬೇಕು ಎಂದು ನಾನು ಹೊರಟದ್ದು. ಓದುತ್ತಾ ಹೋದಂತೆ, ಈ ಮಾತ್ರೆಯ ಚರಿತ್ರೆಯೆಂದರೆ ಹೆಚ್ಚಾಗಿ ದಿನ ಎಣಿಸುವುದರ, ಎಣಿಕೆ ತಪ್ಪುವುದರ, ಮತ್ತೆ ಶುರು ಮಾಡುವುದರ ಚರಿತ್ರೆ ಎಂದು ನನಗೆ ಕಂಡಿತು. ನಿಮ್ಮೊಂದಿಗೆ ಅದನ್ನೇ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ನಮ್ಮ ಸುತ್ತಮುತ್ತಲಿನಿಂದಲೇ ಆರಂಭಿಸೋಣ. 1930ರಲ್ಲಿ ಮೈಸೂರು ಸಂಸ್ಥಾನದ ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಿತು. ಒಂದು ಸರಕಾರವೇ ಮುಂದೆ ನಿಂತು ಇಂತಹ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಆಗ ನಮ್ಮ ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮೈಸೂರಿನ ಆ ಸೌಲಭ್ಯಕ್ಕೂ ನಮಗೂ ಸಂಬಂಧ ಇರಲಿಲ್ಲ. ತೆಂಕಣದಲ್ಲಿ ತಿರುವಾಂಕೂರು ಇತ್ತು. 1935ರ ಕೊನೆಯಲ್ಲಿ ತಿರುವನಂತಪುರದಲ್ಲಿ ನಡೆದ ಅಖಿಲ ಭಾರತ ಮಹಿಳಾ ಸಮ್ಮೇಳನಕ್ಕೆ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಬಂದಿದ್ದರು. ಸಂತಾನ ನಿಯಂತ್ರಣ ಹೆಣ್ಣಿನ ಹಕ್ಕು ಎಂದು ಹೋರಾಡಿ ತಮ್ಮ ದೇಶದಲ್ಲಿ ಜೈಲಿಗೂ ಹೋಗಿ ಬಂದ ದಾದಿ ಆಕೆ. ಅದೇ ಪ್ರವಾಸದಲ್ಲಿ ಅವರು ವರ್ಧಾದಲ್ಲಿ ಗಾಂಧೀಜಿಯವರನ್ನು ಕಂಡು ಮಾತನಾಡಿದರು. ಸಂತಾನ ಮಿತಿ ಬೇಕು ಎಂಬುದನ್ನು ಗಾಂಧೀಜಿ ಒಪ್ಪಿದರು, ಆದರೆ ಅದಕ್ಕೆ ಸಂಯಮವೊಂದೇ ದಾರಿ, ಕೃತಕ ಉಪಾಯ ಬೇಡ ಎಂದರು. ಇಬ್ಬರೂ ತಂತಮ್ಮ ಮಾತಿನಲ್ಲೇ ನಿಂತರು.

ಸ್ವಾತಂತ್ರ್ಯ ಬಂದ ಮೇಲೆ ನಡೆದ ಒಂದು ಪ್ರಯೋಗ ನಮ್ಮ ವಿಷಯಕ್ಕೆ ತುಂಬ ಹತ್ತಿರದ್ದು. 1950ರ ದಶಕದ ಆರಂಭದಲ್ಲಿ ಸರಕಾರ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿತು. ಡಾ. ಅಬ್ರಹಾಂ ಸ್ಟೋನ್ ಎಂಬ ತಜ್ಞರು ಬಂದರು. ತಿಂಗಳಿನಲ್ಲಿ ಗರ್ಭ ನಿಲ್ಲುವ ದಿನಗಳನ್ನು ಲೆಕ್ಕ ಹಾಕಿ ಆ ದಿನಗಳಲ್ಲಿ ದೂರ ಇರುವ ಕ್ರಮವನ್ನು ದೆಹಲಿಯ ಲೋದಿ ಕಾಲನಿಯಲ್ಲಿಯೂ ಬೆಂಗಳೂರಿನ ಬಳಿಯ ರಾಮನಗರದಲ್ಲಿಯೂ ಪರೀಕ್ಷಿಸಿದರು. ದಿನ ನೆನಪಿಡಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದರೆ ಅಪಾಯವಿಲ್ಲ, ಇನ್ನೊಂದು ಬಂದರೆ ಜಾಗ್ರತೆ. ಯೋಚನೆ ಚೆನ್ನಾಗಿತ್ತು. ಆದರೆ ಗದ್ದೆ ಕೆಲಸ, ಅಡುಗೆ, ಮಕ್ಕಳ ಜ್ವರ ಇವುಗಳ ನಡುವೆ ಮಣಿ ಸರಿಸಲು ಯಾರಿಗೆ ನೆನಪಿರುತ್ತದೆ? ಒಂದು ದಿನ ತಪ್ಪಿದರೆ ಇಡೀ ಸರವೇ ಸುಳ್ಳು ಹೇಳುತ್ತದೆ. ಆ ಪ್ರಯೋಗ ನಿರೀಕ್ಷಿಸಿದ ಫಲ ಕೊಡಲಿಲ್ಲ. ಹೆಂಗಸರಿಗೆ ಬುದ್ಧಿ ಕಡಿಮೆ ಎಂದು ಅದಕ್ಕೆ ಅರ್ಥವಲ್ಲ. ತಪ್ಪೇ ಆಗದ ಎಣಿಕೆಯನ್ನು ನಂಬಿ ನಿಂತ ಯಾವ ಉಪಾಯವೂ ಮನೆಯೊಳಗೆ ಬಾಳುವುದಿಲ್ಲ, ಅಷ್ಟೆ.

ಇತ್ತ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಬೇರೆಯೇ ಕೆಲಸ ನಡೆದಿತ್ತು. ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡಿನ ಒಂದು ಗೆಣಸಿನಿಂದ ಪ್ರೊಜೆಸ್ಟರಾನ್ ಹಾರ್ಮೋನನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಕೊಂಡರು. 1944ರಲ್ಲಿ ಮೆಕ್ಸಿಕೋದಲ್ಲಿ ಸಿಂಟೆಕ್ಸ್ ಎಂಬ ಕಂಪೆನಿ ಹುಟ್ಟಿತು. ಅದೇ ಕಂಪೆನಿಯಲ್ಲಿ ಕಾರ್ಲ್ ಜೆರಾಸಿಯವರ ತಂಡದಲ್ಲಿದ್ದ ಲೂಯಿಸ್ ಮಿರಾಮೊಂಟೆಸ್ ಎಂಬ ಎಳೆಯ ವಿದ್ಯಾರ್ಥಿ 1951ರ ಅಕ್ಟೋಬರ್ 15ರಂದು ನಾರೆಥಿಸ್ಟರೋನ್ ಎಂಬ, ಬಾಯಿಯ ಮೂಲಕ ತೆಗೆದುಕೊಂಡರೂ ಕೆಲಸ ಮಾಡುವ ಹಾರ್ಮೋನನ್ನು ತಯಾರಿಸಿದ. ಸ್ಯಾಂಗರ್ ಅವರು ಶ್ರೀಮಂತ ಗೆಳತಿ ಕ್ಯಾಥರಿನ್ ಮೆಕಾರ್ಮಿಕ್ ಅವರನ್ನು 1953ರಲ್ಲಿ ಗ್ರೆಗರಿ ಪಿಂಕಸ್ ಎಂಬ ಜೀವವಿಜ್ಞಾನಿಯ ಪ್ರಯೋಗಶಾಲೆಗೆ ಕರೆದೊಯ್ದರು. ಮುಂದಿನ ಸಂಶೋಧನೆಯ ಖರ್ಚನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಆ ಮಹಿಳೆಯೇ ವಹಿಸಿಕೊಂಡರು. ಪಿಂಕಸ್ ಜತೆಗೆ ಮಿನ್ ಚುಯೆ ಚಾಂಗ್ ಎಂಬ ವಿಜ್ಞಾನಿಯೂ ಜಾನ್ ರಾಕ್ ಎಂಬ ಸ್ತ್ರೀರೋಗ ತಜ್ಞರೂ ಸೇರಿದರು.

ದೊಡ್ಡ ಪರೀಕ್ಷೆ 1956ರಲ್ಲಿ ಪೋರ್ಟೊ ರಿಕೋ ದ್ವೀಪದ ಬಡ ಹೆಂಗಸರ ಮೇಲೆ ನಡೆಯಿತು. ಇದೊಂದು ಪ್ರಯೋಗ ಎಂದು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಅಲ್ಲಿ ಉಸ್ತುವಾರಿ ನೋಡಿದ ವೈದ್ಯೆ ಎಡ್ರಿಸ್ ರೈಸ್-ರೇ ಅವರು, ಶೇ. 17ರಷ್ಟು ಹೆಂಗಸರಿಗೆ ತಲೆಸುತ್ತು, ವಾಕರಿಕೆ, ತಲೆನೋವು ಬಂದಿದೆ, ಇಷ್ಟು ಪ್ರಮಾಣದ ಔಷಧ ಸಲ್ಲದು ಎಂದು ವರದಿ ಕೊಟ್ಟರು. ಅದಕ್ಕೆ ಸಿಗಬೇಕಾದ ಬೆಲೆ ಸಿಗಲಿಲ್ಲ. ಮಾತ್ರೆಯನ್ನು 'ಎನೋವಿಡ್' ಎಂಬ ಹೆಸರಿನಲ್ಲಿ 1957ರಲ್ಲಿ ಮುಟ್ಟಿನ ತೊಂದರೆಗೆಂದು ಅಮೆರಿಕದ ಸರಕಾರ ಒಪ್ಪಿತು. ಆಮೇಲೆ ನೋಡಿದರೆ ಲಕ್ಷಾಂತರ ಹೆಂಗಸರಿಗೆ ಒಮ್ಮೆಲೇ ಮುಟ್ಟಿನ ತೊಂದರೆ! 1960ರಲ್ಲಿ ಗರ್ಭನಿರೋಧಕವೆಂದೇ ಒಪ್ಪಿಗೆ ಸಿಕ್ಕಿತು.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಮಾತ್ರೆಯ ನಡುವೆ ಬಿಡುವು ಏಕೆ ಬಂತು? 21 ದಿನ ತೆಗೆದುಕೊಂಡು 7 ದಿನ ಬಿಡುವುದು ಶರೀರಕ್ಕೆ ಬೇಕಾದ ವಿಶ್ರಾಂತಿ ಎಂದು ನಾನೂ ಭಾವಿಸಿದ್ದೆ. ಹಾಗಲ್ಲ. ಪಿಂಕಸ್ ಮತ್ತು ರಾಕ್ ಅವರು ಮೊದಲು ಇಟ್ಟುಕೊಂಡದ್ದು 20 ದಿನಗಳ ಕ್ರಮ. ಮುಟ್ಟಿನ 5ನೇ ದಿನ ಶುರು ಮಾಡಿ 24ನೇ ದಿನಕ್ಕೆ ನಿಲ್ಲಿಸುವುದು. ನಿಲ್ಲಿಸಿದಾಗ ಹಾರ್ಮೋನು ಇಳಿದು ರಕ್ತಸ್ರಾವ ಆಗುತ್ತದೆ. ಅದು ನಿಜವಾದ ಮುಟ್ಟಲ್ಲ, ಔಷಧ ನಿಂತದ್ದರಿಂದ ಬರುವ ಸ್ರಾವ. ಆದರೆ ತಿಂಗಳಿಗೊಮ್ಮೆ ಹೀಗಾದರೆ ಹೆಂಗಸಿಗೆ ಗರ್ಭ ನಿಂತಿಲ್ಲ ಎಂಬ ಧೈರ್ಯ, ಎಲ್ಲವೂ ಪ್ರಕೃತಿಯ ಹಾಗೆಯೇ ನಡೆಯುತ್ತಿದೆ ಎಂಬ ಸಮಾಧಾನ. ರಾಕ್ ಶ್ರದ್ಧಾವಂತ ಕೆಥೋಲಿಕರು. ಇದು ಪ್ರಕೃತಿಯ ಕ್ರಮವನ್ನೇ ಅನುಸರಿಸುವ ಉಪಾಯ, ಆದ್ದರಿಂದ ಚರ್ಚು ಒಪ್ಪಬಹುದು ಎಂದು ಅವರು ವಾದಿಸಿ 1963ರಲ್ಲಿ ಒಂದು ಪುಸ್ತಕವನ್ನೇ ಬರೆದರು. 1968ರ ಜುಲೈಯಲ್ಲಿ ಪೋಪ್ ಆರನೆಯ ಪಾಲ್ ಅವರು ಕೃತಕ ವಿಧಾನ ಸಲ್ಲದು ಎಂದು ತೀರ್ಪು ಹೇಳಿದರು. ಆದರೂ ಬಿಡುವಿನ ವಾರ ಮಾತ್ರ ಹಾಗೆಯೇ ಉಳಿದುಕೊಂಡಿತು. 2019ರಲ್ಲಿ ಬ್ರಿಟನ್ನಿನ ತಜ್ಞ ವೈದ್ಯರ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ, ಈ ಏಳು ದಿನಗಳ ಬಿಡುವಿನಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ ಎಂದು ಸ್ಪಷ್ಟವಾಗಿ ಬರೆಯಿತು.

ಬಿಡುವು ಬಂದಲ್ಲಿಗೆ ಎಣಿಕೆಯ ಕಷ್ಟವೂ ಬಂತು. ಮೊದಲಿನ ಮಾತ್ರೆಗಳು ಸಣ್ಣ ಸೀಸೆಯಲ್ಲಿ ಬರುತ್ತಿದ್ದವು. ನಿನ್ನೆ ತೆಗೆದುಕೊಂಡೆನೋ ಇಲ್ಲವೋ ಎಂದು ಸೀಸೆ ನೋಡಿದರೆ ತಿಳಿಯುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಡೇವಿಡ್ ವ್ಯಾಗ್ನರ್ ಎಂಬ ಎಂಜಿನಿಯರರ ಮನೆಯಲ್ಲಿ 1961ರಲ್ಲಿ ಇದೇ ಜಗಳ. ಹೆಂಡತಿ ಡೋರಿಸ್ ಮಾತ್ರೆ ತೆಗೆದುಕೊಂಡರೋ ಇಲ್ಲವೋ ಎಂಬ ಚಿಂತೆ ಗಂಡನಿಗೆ. ಕೊನೆಗೆ ಆತ ಒಂದು ಕಾಗದದಲ್ಲಿ ದಿನಗಳ ಹೆಸರು ಬರೆದು ಒಂದೊಂದು ದಿನದ ಮೇಲೆ ಒಂದೊಂದು ಮಾತ್ರೆ ಇಟ್ಟ. ಯಾವುದೋ ವಸ್ತು ಮೇಲೆ ಬಿದ್ದು ಎಲ್ಲವೂ ಚೆಲ್ಲಾಪಿಲ್ಲಿ. ಆಗ ತಿರುಗುವ ಚಕ್ರದಂತಹ ಒಂದು ಡಬ್ಬಿಯನ್ನು ಮನೆಯಲ್ಲೇ ಮಾಡಿದ. ದಿನಕ್ಕೊಂದು ಮಾತ್ರೆ ಮಾತ್ರ ಹೊರಗೆ ಬರುತ್ತದೆ, ತೆಗೆದುಕೊಂಡ ದಿನ ಖಾಲಿ ಕಾಣುತ್ತದೆ. ಅದಕ್ಕೆ ಪೇಟೆಂಟೂ ಸಿಕ್ಕಿತು. 1963ರಲ್ಲಿ ಇದೇ ಮಾದರಿಯ ಡಬ್ಬಿ ಮಾರುಕಟ್ಟೆಗೆ ಬಂತು. ಮುಂದೆ 21 ಔಷಧದ ಮಾತ್ರೆಗಳ ಜತೆ 7 ಔಷಧವಿಲ್ಲದ ಮಾತ್ರೆಗಳನ್ನೂ ಸೇರಿಸಿ 28ರ ಸ್ಟ್ರಿಪ್ ಮಾಡಿದರು. ಬಿಡುವಿನ ದಿನ ಎಣಿಸುವುದೇ ಬೇಡ, ದಿನಾ ಒಂದು ನುಂಗಿದರೆ ಸಾಕು. ಕೆಲವು ಕಂಪೆನಿಗಳು ಆ ಏಳರಲ್ಲಿ ಕಬ್ಬಿಣ ತುಂಬಿದವು. ರಾಮನಗರದ ಮಣಿಸರ ಮಾಡಲಾಗದ ಕೆಲಸವನ್ನು ಈ ಸ್ಟ್ರಿಪ್ ಮಾಡಿತು. ಆದರೆ ಒಂದು ಷರತ್ತು: ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ತೆಗೆದುಕೊಳ್ಳಬೇಕು. ನಡುವೆ ನಿಲ್ಲಿಸಿ ಹತ್ತು ತಿಂಗಳ ಮೇಲೆ ಮರಳಿ ಬರುವವಳ ವಿಷಯ ಸ್ಟ್ರಿಪ್ ಮಾಡಿದವರ ಮನಸ್ಸಿನಲ್ಲಿ ಇರಲಿಲ್ಲ.

ನಿಲ್ಲಿಸುವವರು ಮಾತ್ರ ಎಲ್ಲ ಕಾಲದಲ್ಲಿಯೂ ಇದ್ದರು. ಕೆಲವರು ತಲೆಸುತ್ತು ತಾಳದೆ ನಿಲ್ಲಿಸಿದರು, ಕೆಲವರು ಭಯದಿಂದ. 1961ರಲ್ಲಿ ಇಂಗ್ಲೆಂಡಿನ ಒಬ್ಬ ವೈದ್ಯರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ದಾದಿಯೊಬ್ಬರ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ವರದಿ ಮಾಡಿದರು. 1969ರಲ್ಲಿ ಬಾರ್ಬರಾ ಸೀಮನ್ ಎಂಬ ಪತ್ರಕರ್ತೆ ಮಾತ್ರೆಯ ಅಪಾಯಗಳ ಬಗ್ಗೆ ಪುಸ್ತಕ ಬರೆದರು. 1970ರ ಜನವರಿಯಲ್ಲಿ ಅಮೆರಿಕದ ಸೆನೆಟ್ ಸದಸ್ಯ ಗೇಲಾರ್ಡ್ ನೆಲ್ಸನ್ ವಿಚಾರಣೆ ಆರಂಭಿಸಿದರು. ಅಲ್ಲಿ ಸಾಕ್ಷಿ ಹೇಳಲು ಮಾತ್ರೆ ತೆಗೆದುಕೊಂಡ ಒಬ್ಬ ಹೆಂಗಸನ್ನೂ ಕರೆದಿರಲಿಲ್ಲ. ಹೆಂಗಸರು ಸಭೆಯಲ್ಲೇ ಎದ್ದು ನಿಂತು ಕೂಗಿ ಕೇಳಿದರು. ಅದರ ಫಲವಾಗಿ ಮಾತ್ರೆಯ ಜತೆ ಬಳಸುವವರಿಗೇ ಅರ್ಥವಾಗುವ ಮಾಹಿತಿ ಚೀಟಿ ಇಡಬೇಕು ಎಂಬ ನಿಯಮ ಬಂತು. ನಾನು ಅಂದು ಜಗಲಿಯಲ್ಲಿ ಕೈಯಲ್ಲಿ ಹಿಡಿದಿದ್ದ ಚೀಟಿಯ ಮೂಲ ಪುರುಷ, ಅಲ್ಲ ಮೂಲ ಸ್ತ್ರೀಯರು, ಅವರು!

ಹಾರ್ಮೋನಿನ ಪ್ರಮಾಣವೂ ಇಳಿಯುತ್ತಾ ಬಂತು. ಮೊದಲಿನ ಎನೋವಿಡ್‌ನಲ್ಲಿ ಈಸ್ಟ್ರೊಜೆನ್ ಬಗೆಯ ಹಾರ್ಮೋನು 150 ಮೈಕ್ರೊಗ್ರಾಂ ಇತ್ತು. 1969ರ ಕೊನೆಗೆ ಬ್ರಿಟನ್ 50ಕ್ಕಿಂತ ಹೆಚ್ಚು ಬೇಡ ಎಂದಿತು. ಇಂದು ನಮ್ಮ ದೇಶದ ಮಾಲಾ-ಎನ್, ಮಾಲಾ-ಡಿಗಳಲ್ಲಿ ಇರುವುದು 30 ಮೈಕ್ರೊಗ್ರಾಂ, ಅಂದರೆ ಐದನೇ ಒಂದು ಪಾಲು.

ಭಯದ ಕಾಲದಲ್ಲೇ ಇನ್ನೊಂದು ನಂಬಿಕೆಯೂ ಬಲವಾಯಿತು. ಒಂದೆರಡು ವರ್ಷ ಮಾತ್ರೆ ತೆಗೆದುಕೊಂಡ ಮೇಲೆ ಕೆಲವು ತಿಂಗಳು ಬಿಟ್ಟು ಗರ್ಭಕೋಶಕ್ಕೆ ವಿಶ್ರಾಂತಿ ಕೊಡಬೇಕು ಎಂಬುದು. ಆಗಿನ ವೈದ್ಯರೇ ಹೀಗೆ ಸಲಹೆ ಕೊಡುತ್ತಿದ್ದರು. ನಮ್ಮ ಊರಿನಲ್ಲಿ ಇಂದಿಗೂ ಹೀಗೆ ಹೇಳುವವರಿದ್ದಾರೆ. ಆದರೆ ಅಂತಹ ವಿಶ್ರಾಂತಿಯಿಂದ ಪ್ರಯೋಜನವಿಲ್ಲ ಎಂದು ಮುಂದೆ ತಿಳಿಯಿತು. ಮಾತ್ರೆ ಬಿಟ್ಟರೆ ಫಲವತ್ತತೆ ಬೇಗನೆ ಮರಳುತ್ತದೆ, ಎಷ್ಟು ವರ್ಷ ತೆಗೆದುಕೊಂಡರೂ ಗರ್ಭಕೋಶ ಒಣಗುವುದಿಲ್ಲ. ವಿಶ್ರಾಂತಿಯ ತಿಂಗಳುಗಳಲ್ಲಿ ಆಗುತ್ತಿದ್ದದ್ದು ಬೇಡದ ಬಸಿರು.

ಬಿಡುವು ಎಷ್ಟು ದುಬಾರಿ ಎಂಬುದಕ್ಕೆ 1995ರ ಘಟನೆಗಿಂತ ದೊಡ್ಡ ಉದಾಹರಣೆ ಇಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಹೊಸ ತಲೆಮಾರಿನ ಕೆಲವು ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಎಂದು. ಪತ್ರಿಕೆ, ಟಿ.ವಿ.ಗಳಲ್ಲಿ ಅದೇ ಸುದ್ದಿ. ಎರಡು ಪಟ್ಟು ಎಂದರೆ ಎಷ್ಟು? ಹಳೆಯ ಮಾತ್ರೆಯಲ್ಲಿ ಸುಮಾರು 7,000 ಹೆಂಗಸರಲ್ಲಿ ಒಬ್ಬರಿಗೆ ಇದ್ದದ್ದು ಹೊಸದರಲ್ಲಿ ಇಬ್ಬರಿಗೆ. ಗಣಿತದ ಟೀಚರು ಕೇಳಬೇಕಾದ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅನೇಕರು ಗಾಬರಿಯಾಗಿ ಸ್ಟ್ರಿಪ್ಪನ್ನು ಅರ್ಧದಲ್ಲೇ ಬಿಸಾಡಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಗರ್ಭಪಾತಗಳು ಸುಮಾರು 13,000 ಹೆಚ್ಚಾದವು ಎಂದು ಅಂದಾಜು. ಬಸಿರು, ಬಾಣಂತನಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಹೆಚ್ಚು ಎಂಬುದು ಆ ಗದ್ದಲದಲ್ಲಿ ಮುಳುಗಿಹೋಯಿತು.

ಆ ಗದ್ದಲದ ನಂತರ ನಡೆದ ದೊಡ್ಡ ಅಧ್ಯಯನಗಳು ಇನ್ನೊಂದು ವಿಷಯ ಹೇಳಿದವು. ರಕ್ತ ಹೆಪ್ಪುಗಟ್ಟುವ ಅಪಾಯ ಎಲ್ಲ ಕಾಲದಲ್ಲಿಯೂ ಒಂದೇ ಸಮ ಇರುವುದಿಲ್ಲ. ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಅತಿ ಹೆಚ್ಚು, ಆಮೇಲೆ ಇಳಿಯುತ್ತದೆ. ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು ಬಿಟ್ಟು ಮತ್ತೆ ಶುರು ಮಾಡಿದರೆ ಆ ಮೊದಲ ತಿಂಗಳುಗಳ ಅಪಾಯವೂ ಹೊಸದಾಗಿ ಶುರುವಾಗುತ್ತದೆ. ಇದು ಒಟ್ಟಿನಲ್ಲಿ ಸಣ್ಣ ಅಪಾಯವೇ. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕದಂತೆ, ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ, ಮಾಲಾ-ಎನ್‌ನಲ್ಲಿರುವಂತಹ ಲೆವೊನಾರ್ಜೆಸ್ಟ್ರೆಲ್ ಮಾತ್ರೆ ತೆಗೆದುಕೊಳ್ಳುವವರಲ್ಲಿ 5ರಿಂದ 7 ಮಂದಿಗೆ ಹೀಗಾಗುತ್ತದೆ. ಅದಕ್ಕೆ ಹೆದರುವ ಕಾರಣವಿಲ್ಲ. ಆದರೆ ವಿಶ್ರಾಂತಿ ಒಳ್ಳೆಯದು ಎಂಬ ಹಳೆಯ ಮಾತು ಇಲ್ಲಿ ಪೂರ್ತಿ ತಿರುಗಿ ಬಿತ್ತು. ಸುಮ್ಮನೆ ಬಿಡುವುದು, ಹಿಡಿಯುವುದು, ಮತ್ತೆ ಬಿಡುವುದು ಶರೀರಕ್ಕೆ ಉಪಕಾರವಲ್ಲ.

ಇನ್ನು ಅಂಡಾಶಯದ ಕಥೆ. ಔಷಧದ ಮಾತ್ರೆ ಅಂಡಾಶಯವನ್ನು ನಿದ್ದೆಯಲ್ಲಿ ಇಡುತ್ತದೆ ಎಂದು ಮಕ್ಕಳಿಗೆ ಹೇಳುವಂತೆ ಹೇಳಬಹುದು. ಬಿಡುವಿನ ಏಳು ದಿನಗಳಲ್ಲಿ ಅದು ಮಗ್ಗುಲು ಬದಲಿಸುತ್ತದೆ. ಸ್ಕ್ಯಾನಿಂಗ್ ಬಂದ ಮೇಲೆ ನೋಡಿದಾಗ, ಆ ವಾರದ ಕೊನೆಗೆ ಕೆಲವರಲ್ಲಿ ಅಂಡದ ಕೋಶ ಬೆಳೆಯಲು ತೊಡಗಿರುವುದು ಕಂಡಿತು. ಏಳನೆಯ ದಿನಕ್ಕೆ ಮಾತ್ರೆ ಮತ್ತೆ ಬಂದರೆ ಅದು ಮರಳಿ ಮಲಗುತ್ತದೆ. ಬಿಡುವು ಇನ್ನೂ ಉದ್ದವಾದರೆ ಪೂರ್ತಿ ಎಚ್ಚರಾಗುತ್ತದೆ. ಎಚ್ಚರಾದದ್ದನ್ನು ಮತ್ತೆ ಮಲಗಿಸಲು ಏಳು ದಿನ ಬಿಡದೆ ಔಷಧದ ಮಾತ್ರೆ ಬೇಕು. ಇದೇ ಏಳರ ಲೆಕ್ಕ. ಹಾಗಾಗಿ ಸ್ಟ್ರಿಪ್ಪಿನ ನಡುವೆ ಒಂದು ಮಾತ್ರೆ ಮರೆಯುವುದಕ್ಕಿಂತ ಹೊಸ ಸ್ಟ್ರಿಪ್ಪನ್ನು ತಡವಾಗಿ ಶುರು ಮಾಡುವುದು ಹೆಚ್ಚು ಅಪಾಯ. ಆ ತಾಯಿ ತೆಗೆದುಕೊಂಡದ್ದು ಐದೇ ಔಷಧದ ಮಾತ್ರೆ. ಮಲಗಿಸಲು ಅದು ಸಾಲದು. ಆಮೇಲೆ ಏಳು ದಿನ ಕಬ್ಬಿಣ.

ನಮ್ಮ ದೇಶದಲ್ಲಿ ಈ ಎಣಿಕೆಯನ್ನು ಯಾರೂ ಸರಿಯಾಗಿ ಕಲಿಸದೆ ಹೋದದ್ದಕ್ಕೂ ಚರಿತ್ರೆಯ ಕಾರಣ ಇದೆ. 1952ರಲ್ಲೇ ಕುಟುಂಬ ಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವಾಗಿ ಮಾಡಿಕೊಂಡ ದೇಶ ನಮ್ಮದು. ಆದರೆ ಕಾಲ ಕಳೆದಂತೆ ಒತ್ತು ಆಪರೇಶನ್ ಕಡೆಗೆ ಹೋಯಿತು. ನಮ್ಮ ಕೇರಳದ ಎರ್ನಾಕುಳಂನಲ್ಲಿ 1971ರ ಜುಲೈಯಲ್ಲಿ ಒಂದೇ ಶಿಬಿರದಲ್ಲಿ 60,000ಕ್ಕೂ ಹೆಚ್ಚು ಗಂಡಸರಿಗೆ ಶಸ್ತ್ರಕ್ರಿಯೆ ಆಯಿತು. ತುರ್ತು ಪರಿಸ್ಥಿತಿಯ 1976-77ರಲ್ಲಿ ದೇಶದಾದ್ಯಂತ 80 ಲಕ್ಷ ದಾಟಿತು. ಒತ್ತಾಯದ ಕಹಿ ನೆನಪಿನಿಂದ ಗಂಡಸರು ದೂರ ಸರಿದರು, ಭಾರ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ವಿವಾಹಿತ ಹೆಂಗಸರಲ್ಲಿ ಶೇ. 37.9 ಮಂದಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು, ಮಾತ್ರೆ ಬಳಸುವವರು ಶೇ. 5.1 ಮಾತ್ರ. ಆಪರೇಶನ್ ಆದವಳಿಗೆ ಎಣಿಕೆ ಬೇಡ. ಆದ್ದರಿಂದ ಎಣಿಕೆ ಹೇಳಿಕೊಡುವ ಅಭ್ಯಾಸವೂ ಬೆಳೆಯಲಿಲ್ಲ.

ಆದರೂ ನಮ್ಮದೇ ಸಾಧನೆ ಇಲ್ಲದಿಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಹಾರ್ಮೋನು ಇಲ್ಲದ ಸೆಂಟ್‌ಕ್ರೋಮಾನ್ ಎಂಬ ಮಾತ್ರೆಯನ್ನು ಕಂಡುಹಿಡಿಯಿತು. 1991ರಿಂದ ಅದು 'ಸಹೇಲಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ. ಅದನ್ನು ಮಾರುವ ಎಚ್‌.ಎಲ್‌.ಎಲ್. ಕಂಪೆನಿಯ ಕೇಂದ್ರ ಕಚೇರಿ ನಮ್ಮ ತಿರುವನಂತಪುರದಲ್ಲಿ. ಗರ್ಭನಿರೋಧಕ ಮಾತ್ರೆ ತಯಾರಿಸುವ ಅದರ ಒಂದು ಕಾರ್ಖಾನೆ ಇರುವುದು ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ, ಅದೂ ಒಂದು ಗಡಿನಾಡೇ! ಕರ್ನಾಟಕದ ಗಡಿಯಲ್ಲಿ ತಯಾರಾದ ಮಾತ್ರೆಯನ್ನು ಇನ್ನೊಂದು ಗಡಿಯ ಕನ್ನಡತಿ ಓದಲಾರದೆ ನನ್ನ ಬಳಿ ತರಬೇಕಾಯಿತೋ ಏನೋ ಎಂದು ಎಷ್ಟೋ ಸಲ ಅನಿಸಿದ್ದುಂಟು. 2011ರಿಂದ ಆಶಾ ಕಾರ್ಯಕರ್ತೆಯರು ಮಾತ್ರೆಯನ್ನು ಮನೆಗೇ ತಲುಪಿಸುವ ಯೋಜನೆ ಬಂತು. ಸೆಂಟ್‌ಕ್ರೋಮಾನ್ ಈಗ 'ಛಾಯಾ' ಎಂಬ ಹೆಸರಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ.

ಈ ಚರಿತ್ರೆಯಲ್ಲಿ ನಮ್ಮ ಊರಿನದೇ ಒಂದು ಅಧ್ಯಾಯ ಇದೆ, ಅದನ್ನು ಯಾರೂ ಬರೆದಿಲ್ಲ. ಕೊಲ್ಲಿಗೆ ಹೋದವರ ಮನೆಗಳಲ್ಲಿ ಸಂಸಾರವೆಂದರೆ ವರ್ಷಕ್ಕೋ ಎರಡು ವರ್ಷಕ್ಕೋ ಸಿಗುವ ಒಂದೆರಡು ತಿಂಗಳ ರಜೆ. ಅಲ್ಲಿನ ಹೆಂಗಸರಿಗೆ ಮಾತ್ರೆ ದಿನದ ಅಭ್ಯಾಸವಲ್ಲ, ರಜೆಯ ಅಭ್ಯಾಸ. ಬಿಡುವುದು, ಹಿಡಿಯುವುದು ಅವರಿಗೆ ಅನಿವಾರ್ಯ. 28ರ ಸ್ಟ್ರಿಪ್ ಇಂತಹ ಬದುಕಿಗಾಗಿ ಮಾಡಿದ್ದಲ್ಲ. ಆದ್ದರಿಂದ ಮತ್ತೆ ಹಿಡಿಯುವಾಗ ಏನು ನೆನಪಿಡಬೇಕು ಎಂಬುದನ್ನು ನಾನು ತಿಳಿದವರಲ್ಲಿ ಕೇಳಿ, ಮಾರ್ಗಸೂಚಿಗಳನ್ನು ಓದಿ, ಒಬ್ಬ ಡಾಕ್ಟರಮ್ಮನಿಗೆ ತೋರಿಸಿ ಕನ್ನಡದಲ್ಲಿ ಬರೆದಿಟ್ಟೆ. ಅದು ಇಷ್ಟು:

ತಿಂಗಳುಗಟ್ಟಲೆ ಬಿಟ್ಟ ಮೇಲೆ ಮತ್ತೆ ಶುರು ಮಾಡುವವಳು ಹೊಸಬಳೇ. ಹಳೆಯ ಅರ್ಧ ಸ್ಟ್ರಿಪ್ ಬೇಡ, ಹೊಸ ಸ್ಟ್ರಿಪ್ಪಿನ ಮೊದಲ ಬಿಳಿ ಮಾತ್ರೆಯಿಂದಲೇ ಶುರು. ಅವಧಿ ಮುಗಿದ ತಾರೀಕು ನೋಡಿಕೊಳ್ಳಬೇಕು.

ಮುಟ್ಟಾದ ಮೊದಲ ಐದು ದಿನಗಳ ಒಳಗೆ ಶುರು ಮಾಡಿದರೆ ರಕ್ಷಣೆ ಕೂಡಲೇ ಸಿಗುತ್ತದೆ. ಬೇರೆ ದಿನ ಶುರು ಮಾಡುವುದಾದರೆ ಗರ್ಭ ಇಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಬೇಕು, ಮತ್ತು ಏಳು ಮಾತ್ರೆ ಆಗುವವರೆಗೆ ಕಾಂಡೋಮ್ ಕೂಡ ಬಳಸಬೇಕು. ಗಂಡ ಬರುವ ತಾರೀಕು ಗೊತ್ತಿದ್ದರೆ ಅದಕ್ಕಿಂತ ಮೊದಲಿನ ಮುಟ್ಟಿನಲ್ಲೇ ಶುರು ಮಾಡುವುದು ಒಳ್ಳೆಯದು.

ಒಂದು ಬಿಳಿ ಮಾತ್ರೆ ಮರೆತರೆ ನೆನಪಾದ ಕೂಡಲೇ ತೆಗೆದುಕೊಂಡು ಮುಂದುವರಿಸಬೇಕು. ಎರಡು ಅಥವಾ ಹೆಚ್ಚು ಮರೆತರೆ ಕೂಡಲೇ ಒಂದನ್ನು ತೆಗೆದುಕೊಂಡು, ಮುಂದೆ ಏಳು ದಿನ ಕಾಂಡೋಮ್ ಬಳಸಬೇಕು, ನರ್ಸಮ್ಮನನ್ನು ಕೇಳಬೇಕು. ಕಂದು ಮಾತ್ರೆ ಮರೆತರೆ ಚಿಂತೆಯಿಲ್ಲ, ಆದರೆ ಹೊಸ ಸ್ಟ್ರಿಪ್ ತಡವಾಗಬಾರದು.

ಛಾಯಾ ತೆಗೆದುಕೊಳ್ಳುವವರ ಲೆಕ್ಕ ಬೇರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ದಿನ, ಆಮೇಲೆ ವಾರಕ್ಕೆ ಒಂದು ದಿನ. ಏಳು ದಿನಗಳಿಗಿಂತ ಹೆಚ್ಚು ತಪ್ಪಿದರೆ ಮತ್ತೆ ಮೊದಲಿನಿಂದ, ವಾರಕ್ಕೆ ಎರಡರಂತೆ.

ಕೊನೆಯದು ಬಹಳ ಮುಖ್ಯ. ಬಿಟ್ಟ ಸಮಯದಲ್ಲಿ ಶರೀರ ಬದಲಾಗಿರಬಹುದು. ಬಿ.ಪಿ. ಬಂದಿದ್ದರೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಅರೆತಲೆನೋವು ಇದ್ದರೆ, ಹಿಂದೆ ಎಂದಾದರೂ ರಕ್ತ ಹೆಪ್ಪುಗಟ್ಟಿದ್ದರೆ, ಲಿವರ್ ಅಥವಾ ಸ್ತನದ ಕಾಯಿಲೆ ಇದ್ದರೆ, ಆರು ತಿಂಗಳೊಳಗಿನ ಮಗುವಿಗೆ ಮೊಲೆಯೂಡುತ್ತಿದ್ದರೆ, ವಯಸ್ಸು 35 ದಾಟಿ ಬೀಡಿ ಸಿಗರೇಟಿನ ಅಭ್ಯಾಸ ಇದ್ದರೆ ಡಾಕ್ಟರನ್ನು ಕೇಳದೆ ಮಾಲಾ ಮಾತ್ರೆ ಶುರು ಮಾಡಬಾರದು. ತೆಗೆದುಕೊಳ್ಳುವಾಗ ಒಂದೇ ಕಾಲು ಊದಿಕೊಂಡು ನೋವಾದರೆ, ಎದೆನೋವು ಅಥವಾ ಉಸಿರಾಟದ ಕಷ್ಟ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಂತಹ ವಿಷಯವನ್ನು ಕನ್ನಡದಲ್ಲಿ ಹೇಳುವುದೇ ನಾಚಿಕೆ ಎಂದು ಕೆಲವರು ಭಾವಿಸುತ್ತಾರೆ. ಡಾ. ಅನುಪಮಾ ನಿರಂಜನ ಅವರು 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ'ಗಳನ್ನು ಬರೆದು ಎಷ್ಟೋ ದಶಕಗಳಾದವು. ನಮ್ಮ ಅಮ್ಮಂದಿರು ಆ ಪುಸ್ತಕಗಳನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿ ಓದಿದವರು. ಹೆಂಗಸಿನ ಶರೀರದ ವಿಷಯವನ್ನು ಮರ್ಯಾದೆಯಿಂದ ಹೇಳಲು ಕನ್ನಡಕ್ಕೆ ಸಾಧ್ಯ ಎಂದು ಆ ತಾಯಿ ತೋರಿಸಿಕೊಟ್ಟಿದ್ದಾರೆ. ಹತ್ತನೇ ತರಗತಿ ಕನ್ನಡದಲ್ಲಿ ಕಲಿತವಳಿಗೆ ತನ್ನ ಔಷಧದ ಚೀಟಿ ಓದಲು ಬರುವುದಿಲ್ಲ ಎಂದಾದರೆ ತಪ್ಪು ಅವಳದ್ದಲ್ಲ.

ಕಳೆದ ತಾಯಂದಿರ ಸಭೆಯಲ್ಲಿ ನಮ್ಮ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆಸಿದ್ದೆವು. ನಾನು ಬರೆದ ಹಾಳೆಯ ಪ್ರತಿ ಮಾಡಿ ಹಂಚಿದೆವು. ಆ ತಾಯಿಯೂ ಬಂದಿದ್ದರು. ಸಭೆ ಮುಗಿದ ಮೇಲೆ ನಾನೇ ಅವರ ಬಳಿ ಹೋಗಿ, "ಅಂದು ನಾನು ಹೇಳಿದ್ದು ತಪ್ಪಾಯಿತು, ಗೊತ್ತಿಲ್ಲ ಎಂದು ಹೇಳಬೇಕಿತ್ತು" ಎಂದೆ. ಹತ್ತು ವರ್ಷ ತಡವಾಗಿ. ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. ಆಮೇಲೆ, "ಇನ್ನೂ ಎರಡು ಕೊಡಿ ಟೀಚರೇ. ಒಂದು ನನ್ನ ನಾದಿನಿಗೆ, ಒಂದು ಪಕ್ಕದ ಮನೆಯವಳಿಗೆ. ಅವಳ ಗಂಡನೂ ಬರ್ಲಿಕ್ಕುಂಟು" ಎಂದರು.

ಪಾಠವನ್ನು ಬಿಟ್ಟಲ್ಲಿಂದ ಮುಂದುವರಿಸಬಹುದು. ಮಾತ್ರೆಯನ್ನು ಹೊಸ ಸ್ಟ್ರಿಪ್ಪಿನ ಮೊದಲಿನಿಂದಲೇ ಶುರು ಮಾಡಬೇಕು. ಇಷ್ಟನ್ನು ಕಲಿಯಲು ನನಗೆ ಹತ್ತು ವರ್ಷ ಬೇಕಾಯಿತು. ನಿಮ್ಮ ಶಾಲೆಯ ತಾಯಂದಿರಿಗೆ ಅಷ್ಟು ಕಾಲ ಬೇಡ.